ವೈದ್ಯಕೀಯ ಸೀಟಿಗೆ ಅರ್ಜಿ ಹಾಕುವ ಮುನ್ನ ಮನೆಯಲ್ಲಿ ಆಗಬೇಕಾದ ತೀರ್ಮಾನಗಳು

ಮಂಗಳೂರು ನಗರ ಮತ್ತು ಸುತ್ತಮುತ್ತ ಏಳು ವೈದ್ಯಕೀಯ ಕಾಲೇಜುಗಳಿವೆ. 1955ರಲ್ಲಿ ಆರಂಭವಾದ ಕೆಎಂಸಿ, ಕಂಕನಾಡಿಯ ಫಾದರ್ ಮುಲ್ಲರ್, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಮತ್ತು ಯೆನೆಪೋಯ, ಕುಂಟಿಕಾನದ ಎ.ಜೆ., ನಾಟೆಕಲ್‌ನ ಕಣಚೂರು, ಮುಕ್ಕದ ಶ್ರೀನಿವಾಸ. ಇವುಗಳಲ್ಲಿ ಒಂದೂ ಸರ್ಕಾರಿ ಕಾಲೇಜಲ್ಲ. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರವಿದ್ದರೂ ಶುಲ್ಕ ಹತ್ತಿರದ್ದಲ್ಲ. ಕರಾವಳಿಯ ಜೈನ ಕುಟುಂಬಗಳಲ್ಲಿ ಮಕ್ಕಳನ್ನು ವೈದ್ಯರನ್ನಾಗಿ ಮಾಡುವ ಆಸೆ ಇರುವವರು ಮೊದಲು ಗಮನಿಸಬೇಕಾದ ಸಂಗತಿ ಇದು. ನೀಟ್ ಫಲಿತಾಂಶ ಬಂದ ಮೇಲೆ ಕೌನ್ಸೆಲಿಂಗ್‌ನ ಒಂದೊಂದು ಸುತ್ತಿಗೂ ಸಿಗುವುದು ಕೆಲವೇ ದಿನ. ಆ ಗಡಿಬಿಡಿಯಲ್ಲಿ ಕುಳಿತು ಮಾಡಿದ ತೀರ್ಮಾನವನ್ನು ಐದೂವರೆ ವರ್ಷ ಹೊರಬೇಕಾಗುತ್ತದೆ. ಆದ್ದರಿಂದ ತೀರ್ಮಾನಗಳು ಫಲಿತಾಂಶಕ್ಕೆ ಮೊದಲೇ ಆಗಬೇಕು.

ಅರ್ಹತೆ

ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ ವಿದ್ಯಾರ್ಥಿಗೆ 17 ವರ್ಷ ತುಂಬಿರಬೇಕು. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗಕ್ಕೆ ಶೇ. 50, ಮೀಸಲು ವರ್ಗಕ್ಕೆ ಶೇ. 40 ಅಂಕ ಬೇಕು. ನೀಟ್ ಒಟ್ಟು 720 ಅಂಕಗಳ ಪರೀಕ್ಷೆ. ಅದರಲ್ಲಿ ಅರ್ಧದಷ್ಟು, ಅಂದರೆ 360 ಅಂಕ ಜೀವಶಾಸ್ತ್ರದ್ದು. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ. ಕನ್ನಡದಲ್ಲೂ ಬರೆಯಬಹುದು, ಆದರೆ ಭಾಷೆಯನ್ನು ಅರ್ಜಿಯಲ್ಲೇ ಆರಿಸಬೇಕು.

ಎರಡು ಬಾಗಿಲು

ನೀಟ್ ಬರೆದ ಮಾತ್ರಕ್ಕೆ ಸೀಟಿಗೆ ಅರ್ಜಿ ಹಾಕಿದಂತಾಗುವುದಿಲ್ಲ. ಕೆಎಂಸಿ, ಕೆ.ಎಸ್. ಹೆಗ್ಡೆ, ಯೆನೆಪೋಯ ಈ ಮೂರೂ ಡೀಮ್ಡ್ ವಿಶ್ವವಿದ್ಯಾಲಯಗಳ ಕಾಲೇಜುಗಳು. ಇವುಗಳ ಸೀಟು ಹಂಚುವುದು ದೆಹಲಿಯ ಎಂಸಿಸಿ. ಅಲ್ಲಿ ರಾಜ್ಯದ ಮೀಸಲಾತಿ ನಡೆಯದು. ಡೀಮ್ಡ್ ಸೀಟಿಗೆ ನೋಂದಾಯಿಸುವಾಗಲೇ 2 ಲಕ್ಷ ರೂ. ಠೇವಣಿ ಇಡಬೇಕು. ಉಳಿದ ಕಾಲೇಜುಗಳ ಸೀಟು ಹಂಚುವುದು ಬೆಂಗಳೂರಿನ ಕೆಇಎ. ರಾಜ್ಯದ ಸರ್ಕಾರಿ ಕಾಲೇಜುಗಳ ಶೇ. 85 ಸೀಟುಗಳೂ ಇಲ್ಲೇ. ಬಾಕಿ ಶೇ. 15 ಅಖಿಲ ಭಾರತ ಕೋಟಾ ಎಂಸಿಸಿಯ ಕೈಯಲ್ಲಿದೆ. ಎರಡೂ ಕಡೆ ಬೇರೆ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು.

ಖಾಸಗಿ ಕಾಲೇಜಿನ ಒಂದೇ ತರಗತಿಯಲ್ಲಿ ಸರ್ಕಾರಿ ಕೋಟಾ, ಖಾಸಗಿ ಕೋಟಾ, ಎನ್‌ಆರ್‌ಐ ಕೋಟಾದ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ಪಾಠ ಒಂದೇ, ಶುಲ್ಕ ಮೂರು ಬಗೆ. ‘ಇಂಥ ಕಾಲೇಜಿನಲ್ಲಿ ಎಷ್ಟಾಗುತ್ತದೆ’ ಎಂದಷ್ಟೇ ವಿಚಾರಿಸಿದರೆ ಸಾಲದು, ಯಾವ ಕೋಟಾದಲ್ಲಿ ಎಂದೂ ಕೇಳಬೇಕು.

ದಾಖಲೆಗಳು

ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದಿಗಂಬರ ಜೈನರು 3ಬಿ ಪ್ರವರ್ಗದಲ್ಲಿದ್ದಾರೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂ. ಮೀರಿದ್ದರೆ ಇದರ ಪ್ರಯೋಜನವಿಲ್ಲ. ತಹಶೀಲ್ದಾರರಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಪಡೆದು ಅದರ ಆರ್‌ಡಿ ಸಂಖ್ಯೆಯನ್ನು ಕೆಇಎ ಅರ್ಜಿಯಲ್ಲಿ ಕೊಡಬೇಕು. ಜೈನರಿಗೆ 2014ರಲ್ಲಿ ಸಿಕ್ಕಿದ ರಾಷ್ಟ್ರೀಯ ಅಲ್ಪಸಂಖ್ಯಾತ ಸ್ಥಾನಮಾನ ಬೇರೆ, 3ಬಿ ಬೇರೆ. ಒಂದರ ಪತ್ರ ಇನ್ನೊಂದರ ಬದಲಿಗೆ ನಡೆಯುವುದಿಲ್ಲ.

1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಸೀಟುಗಳ ಮೀಸಲಾತಿ ಇದೆ. ವೇಣೂರಿನಂಥ ಊರುಗಳಲ್ಲಿ ಓದಿದ ಮಕ್ಕಳು ಇದನ್ನು ಮರೆಯಬಾರದು. ಮುಖ್ಯೋಪಾಧ್ಯಾಯರ ಪತ್ರಕ್ಕೆ ಬಿಇಒ ಅವರ ಮೇಲುಸಹಿ ಬೇಕಾಗುವುದರಿಂದ ಓಡಾಟಕ್ಕೆ ಸಮಯ ಹಿಡಿಯುತ್ತದೆ. ಮಂಜೇಶ್ವರ, ಕಾಸರಗೋಡು, ಹೊಸದುರ್ಗ ತಾಲ್ಲೂಕುಗಳಲ್ಲಿ ಓದಿದ ಕನ್ನಡ ಅಥವಾ ತುಳು ಮನೆಮಾತಿನ ಮಕ್ಕಳಿಗೂ ಕೆಇಎಯಲ್ಲಿ ಪ್ರತ್ಯೇಕ ಅರ್ಹತಾ ನಿಯಮವಿದೆ.

ಖರ್ಚಿನ ಲೆಕ್ಕ

ಎಂಬಿಬಿಎಸ್ ಎಂದರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆಮೇಲೆ ಸ್ನಾತಕೋತ್ತರಕ್ಕೆ ಮೂರು ವರ್ಷ. ಮೊದಲ ವರ್ಷದ ಶುಲ್ಕ ಹೊಂದಿಸಿದರೆ ಮುಂದಿನದು ಹೇಗೋ ಆಗುತ್ತದೆ ಎಂಬ ಧೈರ್ಯ ಸಲ್ಲದು. ಒಟ್ಟು ಶುಲ್ಕ, ಹಾಸ್ಟೆಲ್, ಪುಸ್ತಕ ಎಲ್ಲ ಕೂಡಿಸಿ, ಅಂಗಡಿಯ ಬಂಡವಾಳಕ್ಕೂ ಇನ್ನೊಬ್ಬ ಮಗುವಿನ ಓದಿಗೂ ಕೈ ಹಾಕದೆ ಎಷ್ಟು ಕೊಡಬಹುದು ಎಂಬ ಒಂದು ಮೊತ್ತವನ್ನು ಕಾಗದದಲ್ಲಿ ಬರೆದಿಡಬೇಕು. ಆ ಮೊತ್ತ ಮಗುವಿಗೂ ಗೊತ್ತಿರಬೇಕು. ರಾಜ್ಯ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲಕ್ಕೆ ಜೈನ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು.

ಲೆಕ್ಕ ಹಾಕಿದಾಗ ಒಂದು ವಿಷಯ ತಿಳಿಯುತ್ತದೆ. ಕಾರವಾರ, ಮಡಿಕೇರಿ, ಹಾಸನ, ಶಿವಮೊಗ್ಗ, ಚಿಕ್ಕಮಗಳೂರುಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಹಾಸ್ಟೆಲ್ ಖರ್ಚು ಸೇರಿಸಿದರೂ ಅಲ್ಲಿನ ಓದು ಊರಿನ ಖಾಸಗಿ ಕೋಟಾ ಸೀಟಿಗಿಂತ ಎಷ್ಟೋ ಅಗ್ಗ. ‘ಮಗಳನ್ನು ಅಷ್ಟು ದೂರ ಕಳಿಸುವುದಿಲ್ಲ’ ಎಂಬ ಮಾತಿನ ಬೆಲೆ ಎಷ್ಟು ಲಕ್ಷ ಎಂದು ಮನೆಯವರು ತಿಳಿದೇ ಹೇಳಬೇಕು.

ರ‍್ಯಾಂಕ್ ಸಾಲದಿದ್ದರೆ

ನೀಟ್ ಎಷ್ಟು ಸಲ ಬರೆಯಬಹುದು ಎಂಬುದಕ್ಕೆ ಮಿತಿಯಿಲ್ಲ, ಗರಿಷ್ಠ ವಯೋಮಿತಿಯೂ ಇಲ್ಲ. ಹಾಗೆಂದು ಎಲ್ಲರೂ ಲಾಂಗ್ ಟರ್ಮ್ ಸೇರಬೇಕಾಗಿಲ್ಲ. ಅಂಕ ಎಲ್ಲಿ ಹೋಯಿತು ಎಂದು ಉತ್ತರಗಳನ್ನು ಇಟ್ಟುಕೊಂಡು ನೋಡಬೇಕು. ಭೌತಶಾಸ್ತ್ರ ಒಂದರಲ್ಲೇ ಹಿಂದೆ ಬಿದ್ದಿದ್ದರೆ, ಕಾಯಿಲೆಯಿಂದ ಓದು ತಪ್ಪಿದ್ದರೆ, ಒಂದು ವರ್ಷ ಕೊಡುವುದರಲ್ಲಿ ಅರ್ಥವಿದೆ. ಮೂರೂ ವಿಷಯಗಳಲ್ಲಿ ಸಮನಾಗಿ ಕಡಿಮೆಯಾಗಿ, ಮಗುವಿಗೂ ಮನಸ್ಸಿಲ್ಲದಿದ್ದರೆ ಇನ್ನೊಂದು ವರ್ಷದಿಂದ ಲಾಭ ಕಡಿಮೆ.

ಬೇರೆ ದಾರಿಗಳೂ ಇವೆ. ದಂತವೈದ್ಯಕೀಯ, ಆಯುರ್ವೇದ, ಹೋಮಿಯೋಪಥಿಗೆ ನೀಟ್ ರ‍್ಯಾಂಕೇ ಬೇಕು. ಪಶುವೈದ್ಯಕೀಯ, ಫಾರ್ಮಸಿ, ನರ್ಸಿಂಗ್, ಪ್ರಕೃತಿ ಚಿಕಿತ್ಸೆಗೆ ಸಿಇಟಿ ದಾರಿಯಾಗಿದೆ. ಆದ್ದರಿಂದ ನೀಟ್ ಗುರಿಯಿದ್ದರೂ ಸಿಇಟಿ ಬಿಡಬಾರದು. ವಿದೇಶದ ಓದಿಗೂ ನೀಟ್ ಅರ್ಹತೆ ಕಡ್ಡಾಯ. 2021ರ ನಿಯಮದಂತೆ ಕೋರ್ಸ್ ಕನಿಷ್ಠ 54 ತಿಂಗಳು ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಅಲ್ಲೇ 12 ತಿಂಗಳು ಇಂಟರ್ನ್‌ಶಿಪ್ ಆಗಬೇಕು, ಮರಳಿದ ಮೇಲೆ ಇಲ್ಲಿನ ಪರೀಕ್ಷೆ ಪಾಸಾಗಬೇಕು. ಏಜೆಂಟರು ಶುಲ್ಕ ಹೇಳುವಾಗ ಇದನ್ನೂ ಕೇಳಿಕೊಳ್ಳಬೇಕು.

ಮಗುವಿನ ಮನಸ್ಸು

ಜೈನ ಮನೆಗಳಲ್ಲಿ ಅಹಿಂಸೆಯ ಪ್ರಶ್ನೆಯೂ ಬರುತ್ತದೆ. ಎಂಬಿಬಿಎಸ್‌ನಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳ ಜಾಗಕ್ಕೆ ಈಗ ಕಂಪ್ಯೂಟರ್ ಮಾದರಿಗಳು ಬಂದಿವೆ. ಆದರೆ ಮೊದಲ ವರ್ಷದ ಅಂಗರಚನಾಶಾಸ್ತ್ರದಲ್ಲಿ ಮೃತದೇಹದ ಛೇದನ ಇದ್ದೇ ಇರುತ್ತದೆ. ಮುಂದೆ ರಾತ್ರಿ ಪಾಳಿಯಲ್ಲಿ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ನಿಯಮ ಪ್ರತಿದಿನ ನಡೆಯಲಿಕ್ಕಿಲ್ಲ. ಇದನ್ನೆಲ್ಲ ಸೇರುವ ಮೊದಲೇ ಮುಚ್ಚುಮರೆಯಿಲ್ಲದೆ ಮಾತಾಡಬೇಕು. ಪರಿಚಯದ ವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಅವರ ಒಪ್ಪಿಗೆಯಿಂದ ಕೆಲವು ದಿನ ಕುಳಿತು ನೋಡಿದರೆ, ಕೆಲಸ ಹೇಗಿರುತ್ತದೆ ಎಂಬ ಅಂದಾಜು ಮಗುವಿಗೆ ಸಿಗುತ್ತದೆ.

ಕೊನೆಯದಾಗಿ, ಆಪ್ಷನ್ ಎಂಟ್ರಿಯ ಪಟ್ಟಿಯನ್ನು ವಿದ್ಯಾರ್ಥಿಯೇ ಮೊದಲು ಬರೆಯಲಿ, ಹಿರಿಯರು ಆಮೇಲೆ ನೋಡಲಿ. ಸಿಕ್ಕರೂ ಸೇರುವುದಿಲ್ಲ ಎನ್ನುವ ಕಾಲೇಜು, ಮನೆಯ ಮೊತ್ತ ಮೀರುವ ಕೋಟಾ ಆ ಪಟ್ಟಿಯಲ್ಲಿ ಇರಬಾರದು. ಕೊನೆಯ ಸುತ್ತುಗಳಲ್ಲಿ ಸಿಕ್ಕಿದ ಸೀಟು ಬಿಟ್ಟರೆ ಠೇವಣಿ ಕೈಬಿಡುತ್ತದೆ, ಆ ಸೀಟಿಗಾಗಿ ಕಾದಿದ್ದ ಇನ್ನೊಂದು ಮಗುವಿಗೂ ಅನ್ಯಾಯವಾಗುತ್ತದೆ.