ಬಿದರಿ ಪಾತ್ರೆಗಳು: ಹೆಸರು ಕೆತ್ತದ ಕೈಗಳು

ಹೊಯ್ಸಳ ದೇವಾಲಯಗಳ ಶಿಲ್ಪಿಗಳಲ್ಲಿ ಹಲವರ ಹೆಸರು ಉಳಿದುಬಂದಿದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ತಮ್ಮ ಕೃತಿಗಳ ಮೇಲೆ ಹೆಸರು ಕೆತ್ತಿದ್ದಾರೆ. ಬೀದರಿನ ಲೋಹಕಾರರಿಗೆ ಆ ಭಾಗ್ಯವಿಲ್ಲ. ಬಿದರಿ ಪಾತ್ರೆಗಳ ಮೇಲೆ ಮಾಡಿದವರ ಹೆಸರು ಕಾಣುವುದು ತೀರ ಅಪರೂಪ. ಆದುದರಿಂದ ಅವರ ಚರಿತ್ರೆಯನ್ನು ಪಾತ್ರೆಗಳಿಂದಲೇ ಓದಬೇಕಾಗುತ್ತದೆ.

15ನೆಯ ಶತಮಾನದಲ್ಲಿ ಬೀದರ್ ಬಹಮನಿ ರಾಜ್ಯದ ರಾಜಧಾನಿಯಾಯಿತು. ಪರ್ಷಿಯಾದಿಂದ ಬಂದ ಕುಶಲಕರ್ಮಿಗಳು ಈ ಕಲೆಯನ್ನು ತಂದರೆಂಬುದು ಪರಂಪರಾಗತ ನಂಬಿಕೆ. ಆದರೆ ಸತುವಿನ ಒಡಲಿನ ಮೇಲೆ ಬೆಳ್ಳಿ ಕೂರಿಸಿ, ಒಡಲನ್ನು ಮಾತ್ರ ಕಪ್ಪಾಗಿಸುವ ವಿಧಾನ ದಖ್ಖನಿನ ವಿಶೇಷ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಬರೀದಶಾಹಿಗಳ ಕಾಲದ ಶಿಲ್ಪಿಗಳು ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ್ದಾರೆ. ಕಪ್ಪಿನ ಮೇಲೆ ಬಿಳುಪು ಹೊಳೆಯಬೇಕೆಂಬ ಅಭಿರುಚಿ ಕಲ್ಲಿಗೂ ಲೋಹಕ್ಕೂ ಸಮಾನವಾಗಿತ್ತು.

ಹಳೆಯ ಬಿದರಿ ವಸ್ತುಗಳಲ್ಲಿ ಬಹುಪಾಲು ಅತಿಥಿಸತ್ಕಾರಕ್ಕೆ ಸಂಬಂಧಿಸಿದವು: ತಾಂಬೂಲದ ಪಾನದಾನ, ತಟ್ಟೆ, ಹೂಜಿ, ಪನ್ನೀರು ಚಿಮುಕಿಸುವ ಗುಲಾಬದಾನಿ, ಹುಕ್ಕಾದ ಬುಡ. ಸತು ಹುಳಿಯೊಡನೆ ಬೆರೆತು ಕೆಡುವ ಲೋಹವಾದ್ದರಿಂದ ಇವು ಅಡುಗೆಮನೆಯ ಪಾತ್ರೆಗಳಲ್ಲ. ಊಟ ಮುಗಿದ ಮೇಲೆ, ಮಾತಿಗೆ ಕುಳಿತವರ ನಡುವೆ ಇಡುವಂಥವು.

ತಯಾರಿಕೆಯ ಕ್ರಮವೇ ಕುಶಲಕರ್ಮಿಯ ಸಂಯಮಕ್ಕೆ ಸಾಕ್ಷಿ. ಹೆಚ್ಚಿನ ಪಾಲು ಸತು, ಅಲ್ಪಭಾಗ ತಾಮ್ರ ಸೇರಿದ ಮಿಶ್ರಲೋಹವನ್ನು ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ನಯಗೊಳಿಸಿದ ಮೇಲೆ ಮೈಲುತುತ್ತದ ದ್ರಾವಣ ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಅದರ ಮೇಲೆ ಎಳೆದ ರೇಖೆ ಎದ್ದು ಕಾಣುತ್ತದೆ. ಆ ಜಾಡಿನಲ್ಲಿ ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿ ಹೊಳಪು ಕೊಟ್ಟಾಗ ಸತು, ಬೆಳ್ಳಿಗಳೆರಡೂ ಒಂದೇ ಬಣ್ಣವಾಗಿ ಚಿತ್ತಾರವೇ ಮರೆಯಾಗುತ್ತದೆ. ಅಷ್ಟು ದಿನಗಳ ದುಡಿಮೆ ಕಣ್ಣಿಗೆ ಕಾಣದಂತಾಗುವ ಘಟ್ಟವಿದು. ಕೊನೆಗೆ ಹಳೆಯ ಕೋಟೆಯ ಮಣ್ಣನ್ನು ನವಸಾಗರದೊಡನೆ ಬೆರೆಸಿದ ದ್ರಾವಣ ತಾಗಿದಾಗ ಒಡಲು ಕಪ್ಪಾಗುತ್ತದೆ. ಬೆಳ್ಳಿ ಹಾಗೆಯೇ ಉಳಿಯುತ್ತದೆ. ಯೋಗ್ಯವಾದ ಮಣ್ಣನ್ನು ಕುಶಲಕರ್ಮಿಗಳು ನಾಲಗೆಗೆ ತಾಗಿಸಿ ಗುರುತಿಸುವರು. ಗ್ರಂಥದಲ್ಲಿ ಬರೆದಿಡಲಾಗದ ಈ ಅರಿವು ತಲೆಮಾರಿನಿಂದ ತಲೆಮಾರಿಗೆ ಬಾಯಿಯ ಮಾತಿನಲ್ಲೂ ಕೈಯ ರೂಢಿಯಲ್ಲೂ ಸಾಗಿಬಂದಿದೆ.

1851ರ ಲಂಡನ್ನಿನ ಮಹಾಪ್ರದರ್ಶನಕ್ಕೆ ಬಿದರಿ ವಸ್ತುಗಳು ಹೋದವು. ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದಲ್ಲಿಯೂ ಅವುಗಳ ಸಂಗ್ರಹವಿದೆ. ಕಲೆಗೆ ಊರಿನ ಹೆಸರು ಅಂಟಿಕೊಂಡಿತು. 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆದರೆ ಅದು ಊರಿಗೆ ಸಂದ ಮಾನ್ಯತೆ, ವ್ಯಕ್ತಿಗಲ್ಲ. 2023ರಲ್ಲಿ ಬೀದರಿನ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಾಗ ಈ ಪರಂಪರೆಯ ಒಬ್ಬರ ಹೆಸರು ರಾಷ್ಟ್ರದ ದಾಖಲೆ ಸೇರಿತು. ಅವರಿಗೆ ಮೊದಲಿನವರ ಹೆಸರುಗಳನ್ನು ಹುಡುಕುವ ಸಂಶೋಧಕರು ಪಾನದಾನದ ಮುಚ್ಚಳದ ಮೇಲಿನ ಉಳಿಯ ಗುರುತುಗಳಿಂದಲೇ ಆರಂಭಿಸಬೇಕಾಗಿದೆ.