ರೋಜಾ ಬಿಡುವ ಹೊತ್ತಿನ ಬುತ್ತಿ

ನಮ್ಮ ಕಡೆ ಬುತ್ತಿ ಎಂದರೆ ಎರಡು ಅರ್ಥ. ಹೊಲಕ್ಕೆ ದುಡಿಯಲು ಹೋಗುವವನು ಅರಿವೆಯಲ್ಲಿ ಕಟ್ಟಿಕೊಂಡು ಹೋಗುವ ರೊಟ್ಟಿ ಒಂದು. ಎಳ್ಳಮಾಸಿಗೋ ಸಂಕ್ರಾಂತಿಗೋ ನಾಲ್ಕಾರು ಮನೆಯವರು ಕೂಡಿ ಹೊಲಕ್ಕೆ ಇಲ್ಲವೆ ಹೊಳೆದಂಡೆಗೆ ಹೋಗಿ, ಗಂಟುಗಳನ್ನೆಲ್ಲ ಒಂದೇ ಕಡೆ ಬಿಚ್ಚಿ ಉಣ್ಣುವುದು ಇನ್ನೊಂದು. ಮೊದಲನೆಯದು ಒಬ್ಬನ ಹಸಿವಿನದು. ಎರಡನೆಯದರಲ್ಲಿ ಯಾರ ಮನೆಯ ರೊಟ್ಟಿ ಯಾರ ಬಾಯಿಗೆ ಹೋಯಿತೆಂದು ಲೆಕ್ಕ ಹಿಡಿಯುವವರಿಲ್ಲ.

ಈ ಎರಡನೆಯ ಬುತ್ತಿ ತುರ್ವಿಹಾಳದ ಮಸೂತಿಯ ಅಂಗಳದಲ್ಲಿ ಬಿಚ್ಚಿಕೊಂಡದ್ದನ್ನು ನಾನು ಕಂಡದ್ದು 1998ರ ಜನವರಿಯಲ್ಲಿ. ಆ ವರ್ಷ ಸಂಕ್ರಾಂತಿ ರಂಜಾನ್ ತಿಂಗಳ ನಡುವೆ ಬಂದಿತ್ತು. ಚಂದ್ರನ ಲೆಕ್ಕದ ವರ್ಷ ಸೂರ್ಯನ ಲೆಕ್ಕದ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಕಡಿಮೆ. ಹಾಗಾಗಿ ರಂಜಾನ್ ಒಂದೇ ಋತುವಿಗೆ ಕಟ್ಟುಬೀಳದೆ, ಸುಮಾರು ಮೂವತ್ಮೂರು ವರ್ಷಕ್ಕೊಮ್ಮೆ ಎಲ್ಲ ಕಾಲಗಳನ್ನೂ ಸುತ್ತಿ ಬರುತ್ತದೆ. 1965ರ ಸುಮಾರಿಗೆ ಹೀಗೆ ಸಂಕ್ರಾಂತಿಯನ್ನು ಕೂಡಿಕೊಂಡಿತ್ತು. 1997, 98, 99ರಲ್ಲಿ ಮತ್ತೆ ಕೂಡಿಕೊಂಡಿತು. ಇನ್ನು 2030ರಲ್ಲಿ ಕೂಡಿಕೊಳ್ಳಬೇಕು. ಬೇಸಿಗೆಯ ರಂಜಾನಿಗೆ ಕಲ್ಲಂಗಡಿ, ಮಾವು. ಚಳಿಗಾಲದ ರಂಜಾನಿಗೆ ಸೀತನಿ, ಕಡಲೆಗಿಡ, ಬಾರಿಹಣ್ಣು. ಖರ್ಜೂರವೊಂದು ಮಾತ್ರ ಎಲ್ಲ ಕಾಲಕ್ಕೂ ದೂರದಿಂದ ಬಂದದ್ದೇ.

ಅಂದು ಹೊಳೆಗೆ ಹೋಗಿ ಬಂದ ಮನೆಗಳಲ್ಲಿ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಪುಂಡಿಪಲ್ಯ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ ಉಳಿದಿದ್ದವು. ಉಳಿದಿದ್ದವು ಎನ್ನುವುದು ಬಾಯಿಮಾತು. ಬೇಕೆಂದೇ ಹೆಚ್ಚು ಬಡಿದಿದ್ದರು. ಹೊತ್ತು ಇಳಿಯುವ ವೇಳೆಗೆ ಮಕ್ಕಳ ಕೈಯಲ್ಲಿ ಅವು ಮಸೂತಿಗೆ ಬಂದವು. ಅಲ್ಲಿ ಆಗಲೇ ದಸ್ತರಖಾನ ಹಾಸಿ ಖರ್ಜೂರ, ಬಾಳೆಹಣ್ಣು, ನೆನೆಸಿದ ಕಡಲೆ, ಮಿರ್ಚಿ, ಮಂಡಾಳ ಒಗ್ಗರಣಿ ಇಟ್ಟಿದ್ದರು. ಬಾಂಗು ಆಗಲು ಇನ್ನೂ ಕಾಲು ತಾಸು ಇತ್ತು.

ಈ ಕಾಲು ತಾಸಿನ ಬಗ್ಗೆ ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಬೇರೆ ಯಾವ ಊಟದಲ್ಲೂ ಕರೆದವನು ಹೊಟ್ಟೆ ತುಂಬಿದವನಾಗಿರುತ್ತಾನೆ, ಬಂದವನು ಹಸಿದಿರುತ್ತಾನೆ. ಇಲ್ಲಿ ಕರೆದವನೇ ಬೆಳಗಿನಿಂದ ನೀರು ಸಹ ಮುಟ್ಟಿಲ್ಲ. ತಿನ್ನಲು ಅಪ್ಪಣೆ ಕೊಡುವವನು ಮನೆಯೊಡೆಯನೂ ಅಲ್ಲ, ಮುಳುಗುವ ಸೂರ್ಯ. ಹೊಸದಾಗಿ ಬಂದವನಿಗೆ ಇದರಲ್ಲಿ ಒಂದು ನಿರಾಳವಿದೆ.

ಮದೀನಾದ ಕಥೆ ಇಲ್ಲಿ ನೆನಪಾಗುತ್ತದೆ. 622ರಲ್ಲಿ ಮಕ್ಕಾ ಬಿಟ್ಟು ಬಂದವರನ್ನು ಆ ಊರಿನವರು ಅಣ್ಣತಮ್ಮಂದಿರೆಂದು ಹಂಚಿಕೊಂಡರು. ಉಪವಾಸದ ಕಟ್ಟಳೆ ಬಂದದ್ದು ಅದಾದ ಎರಡು ವರ್ಷಕ್ಕೆ. ಮನೆ ಮಾರು ಇಲ್ಲದ ವಲಸೆಗಾರರು ಮಸೀದಿಯ ಒಂದು ಚಾವಣಿಯ ಕೆಳಗೆ ಇರುತ್ತಿದ್ದರು. ಸುಫ್ಫಾದವರು ಎಂದು ಅವರ ಹೆಸರು. ತೋಟವಿದ್ದವರು ಖರ್ಜೂರದ ಗೊನೆಗಳನ್ನು ತಂದು ಮಸೀದಿಯ ಕಂಬಗಳ ನಡುವೆ ತೂಗುಹಾಕುತ್ತಿದ್ದರಂತೆ, ಹಸಿದವರು ಕೋಲಿನಿಂದ ಬಡಿದು ತಿನ್ನಲೆಂದು. ಕೆಲವರು ಮಾತ್ರ ಒಣಗಿದ, ಕೆಟ್ಟ ಗೊನೆಗಳನ್ನು ತಂದು ತೂಗುಹಾಕಿದರು. ತಾನೇ ಕಣ್ಣುಮುಚ್ಚಿಕೊಳ್ಳದೆ ತೆಗೆದುಕೊಳ್ಳಲಾರದ್ದನ್ನು ಇನ್ನೊಬ್ಬರಿಗೆ ಕೊಡಬೇಡಿ ಎಂಬ ಅರ್ಥದ ಕುರಾನಿನ ಎರಡನೆಯ ಅಧ್ಯಾಯದ 267ನೆಯ ವಚನ ಈ ಸಂದರ್ಭಕ್ಕೇ ಬಂದದ್ದೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ನಮ್ಮ ಬುತ್ತಿಗಳಲ್ಲೂ ಇಂಥವರು ಇಲ್ಲದಿಲ್ಲ. ಯಾರ ಮನೆಯ ಪಲ್ಯದಲ್ಲಿ ಎಣ್ಣೆ ಕಾಣುವುದಿಲ್ಲ ಎಂಬುದು ಊರ ಹೆಂಗಸರಿಗೆಲ್ಲ ಗೊತ್ತು.

ಕೃಷ್ಣೆ ತುಂಗಭದ್ರೆಯರ ನಡುವಿನ ಈ ದೋ ಆಬ್ ನಾಡಿಗೆ ಹೊಸಬರೇನೂ ಹೊಸತಲ್ಲ. ಬಹಮನಿ ಆಳಿಕೆಯಲ್ಲಿ ಕಡಲಾಚೆಯಿಂದ ಬಂದವರಿಗೆ ಆಫಾಕಿಗಳೆಂದೂ ಮೊದಲೇ ಬೇರೂರಿದವರಿಗೆ ದಖನಿಗಳೆಂದೂ ಹೆಸರಿಟ್ಟು ದರಬಾರವೇ ಎರಡು ಹೋಳಾಗಿತ್ತು. ಇರಾನಿನ ಗಿಲಾನಿನಿಂದ 1453ರಲ್ಲಿ ಬೀದರಿಗೆ ಬಂದ ಮಹಮೂದ್ ಗವಾನ್ ಆ ರಾಜ್ಯಕ್ಕೆ ಮಂತ್ರಿಯಾದ, ದೊಡ್ಡ ಮದರಸಾ ಕಟ್ಟಿಸಿದ; ಕೊನೆಗೆ 1481ರಲ್ಲಿ ವಿರೋಧಿಗಳು ಹುಟ್ಟಿಸಿದ ಸುಳ್ಳು ಪತ್ರಕ್ಕೆ ತಲೆ ಕೊಟ್ಟ. ಅವನಿಗಿಂತ ಮೊದಲು, ತೈಮೂರನ ದಾಳಿಯ ಹೊತ್ತಿಗೆ 1398ರಲ್ಲಿ ದೆಹಲಿ ಬಿಟ್ಟ ಬಂದೇನವಾಜರು ಕಲಬುರ್ಗಿಗೆ ಬಂದಾಗ ಎಂಬತ್ತರ ಹತ್ತಿರದ ಮುದುಕರು. ಸೂಫಿಗಳ ಠಾವುಗಳಲ್ಲಿ ಲಂಗರದ ಊಟ, ಬಂದವರಿಗೆಲ್ಲ ತಟ್ಟೆ. ಲಂಗರ ದೊಡ್ಡದು, ನಿಜ. ಆದರೆ ಅಲ್ಲಿ ಕೊಡುವ ಕೈ ಒಂದು, ಚಾಚುವ ಕೈ ಇನ್ನೊಂದು. ನನಗೆ ಬುತ್ತಿಯೇ ಹೆಚ್ಚು ಎನಿಸುತ್ತದೆ. ಬುತ್ತಿಯಲ್ಲಿ ಬಂದವನೂ ಏನಾದರೂ ತಂದಿರುತ್ತಾನೆ.

ಇತ್ತೀಚಿನ ಹೊಸಬರನ್ನು ತಂದದ್ದು ನೀರು. ನಿಜಾಮರ ರಾಜ್ಯ ಮತ್ತು ಮದ್ರಾಸು ಸರಕಾರ ಕೂಡಿ 1945ರಲ್ಲಿ ಅಡಿಗಲ್ಲಿಟ್ಟ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಅಷ್ಟರಲ್ಲಿ ನಿಜಾಮಶಾಹಿ ಮುಗಿದು ಐದು ವರ್ಷವಾಗುತ್ತ ಬಂದಿತ್ತು. ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಯ ಕಡೆ ಹರಿಯಿತು. ಜೋಳ, ಹತ್ತಿ ಬೆಳೆದು ಗೊತ್ತಿದ್ದ ನಮ್ಮ ಎರಿಹೊಲದ ರೈತರಿಗೆ ಆ ನೀರನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಹೊಲ ಮಟ್ಟ ಮಾಡಿಸಲು ದುಡ್ಡೂ ಇರಲಿಲ್ಲ. ಗೊತ್ತಿದ್ದವರು ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದರು. ಅಗ್ಗಕ್ಕೆ ಕೊಂಡರು, ಗುತ್ತಿಗೆಗೆ ಹಿಡಿದರು, ಕ್ಯಾಂಪು ಕಟ್ಟಿದರು, ಭತ್ತ ಹಚ್ಚಿದರು. ಮಾರಿದವರ ಮಕ್ಕಳು ಮಾರಿದ ಹೊಲದಲ್ಲೇ ನಾಟಿಗೆ ಹೋದದ್ದೂ ಉಂಟು. ಕ್ಯಾಂಪಿನವರು, ಊರಿನವರು ಎಂಬ ಮಾತು ಹುಟ್ಟಿದ್ದು ಆಗ. ಅದು ಇವತ್ತಿಗೂ ಬಾಯಲ್ಲಿದೆ. ಆಫಾಕಿ, ದಖನಿಗಳ ಜಗಳದಂತೆ ಇದಕ್ಕೆ ಚರಿತ್ರೆಕಾರರು ಸಿಕ್ಕಿಲ್ಲ, ಅಷ್ಟೆ.

ಹಬ್ಬ ಹುಣ್ಣಿಮೆಯಲ್ಲಿ ಎಲ್ಲರೂ ಒಂದಾಗಿದ್ದೆವು ಎಂದು ಬರೆಯುವುದು ಸುಲಭ. ಹಾಗಿರಲಿಲ್ಲ. ಅಂದಿನ ದಸ್ತರಖಾನದ ಮೇಲೂ ಹಣ್ಣು, ಖರ್ಜೂರಗಳನ್ನಷ್ಟೆ ಮುಟ್ಟಿ ಒಗ್ಗರಣಿಯನ್ನು ಮುಟ್ಟದವರಿದ್ದರು. ಅವರಿಗಾಗಿ ಹಣ್ಣಿನ ತಟ್ಟೆ ಬೇರೆ ಇಟ್ಟಿದ್ದರು, ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ರೊಟ್ಟಿ ಕಳಿಸಿ ತಾವು ಬಾರದವರಿದ್ದರು. ಮಾಡಿದ ಅಡಿಗೆಯ ಬದಲು ಅಕ್ಕಿ ಬೇಳೆಯನ್ನೇ ಕಳಿಸಿಕೊಟ್ಟವರಿದ್ದರು. ಊರ ಕೊನೆಯ ಕೇರಿಯಿಂದ ಬಂದವರು ಅಂಚಿನಲ್ಲೇ ಕುಳಿತಿದ್ದರು. ಮಸೂತಿಯ ಹಿರಿಯರು ಕೈಹಿಡಿದು ಒಳಗೆ ಕರೆದಮೇಲೆ ಸರಿದರು. ಬುತ್ತಿ ಬಿಚ್ಚಿದಾಕ್ಷಣ ಎಲ್ಲ ಗಂಟುಗಳೂ ಬಿಚ್ಚುವುದಿಲ್ಲ.

ಅದೇ ಸಂಜೆ ಕಟ್ಟೆಯ ಹೊರಗೆ ಒಬ್ಬ ಮೀನು ಮಾರುವವನು ಖಾಲಿ ಬುಟ್ಟಿ ಇಟ್ಟುಕೊಂಡು ನಿಂತಿದ್ದ. ಅರವತ್ತರ ಹತ್ತಿರದ ಬಂಗಾಳಿ. ಸಿಂಧನೂರಿನ ಸುತ್ತಲಿನ ಆರ್.ಎಚ್. ಕ್ಯಾಂಪುಗಳ ವಿಷಯ ಹೊರಗಿನವರಿಗೆ ತಿಳಿಯದಿರಬಹುದು. 1964ರ ಗಲಭೆಗಳ ಹಿಂದುಮುಂದಿನ ವರ್ಷಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ಹಿಂದೂ ಕುಟುಂಬಗಳು ಎಷ್ಟೋ ಶಿಬಿರಗಳಲ್ಲಿ ಕಾಲ ಕಳೆದವು. ಅವುಗಳಲ್ಲಿ ಕೆಲವನ್ನು ಸರಕಾರ 70ರ ದಶಕದಲ್ಲಿ ಹೊಲ ಕೊಟ್ಟು ಇಲ್ಲಿ ಕೂಡಿಸಿತು. ಪುನರ್ವಸತಿ ಎಂಬುದರ ಇಂಗ್ಲಿಷ್ ಮೊದಲಕ್ಷರಗಳೇ ಅವರ ಊರುಗಳ ಹೆಸರಾದವು. ನೀರಿನ ನಾಡಿನವರು, ಎರಿಭೂಮಿಯನ್ನು ಅದಕ್ಕೆ ಮುಂಚೆ ಕಂಡವರಲ್ಲ. ಮುಸಲ್ಮಾನರು ಹೆಚ್ಚಿದ್ದ ನಾಡಿನಿಂದ ಜೀವ ಉಳಿಸಿಕೊಂಡು ಬಂದವನನ್ನು ಮಸೂತಿಯ ಅಂಗಳಕ್ಕೆ ಹೇಗೆ ಕರೆಯುವುದು ಎಂದು ನಾನು ಯೋಚಿಸುತ್ತಿದ್ದೆ. ಹಿರಿಯರಿಗೆ ಆ ಯೋಚನೆಯೇ ಇರಲಿಲ್ಲ.

“ಬಾರಪಾ, ಹೊತ್ತು ಮುಳುಗಾಕ ಬಂತು. ಹೊರಗ್ಯಾಕ ನಿಂತಿ?”

ಅವನು ಕೈ ಅಲ್ಲಾಡಿಸಿದ. ಕೈಯಲ್ಲಿ ಮೀನಿನ ನಾತವಿದೆ ಎಂದ, ಬಸ್ಸು ತಪ್ಪುತ್ತದೆ ಎಂದ. ಆಮೇಲೆ ಬುಟ್ಟಿ ಬಿಟ್ಟು ಎದುರಿನ ಅಂಗಡಿಗೆ ಹೋದ. ಹೋದನಲ್ಲ ಎಂದುಕೊಳ್ಳುವಷ್ಟರಲ್ಲಿ ಕಾಗದದ ಪೊಟ್ಟಣದಲ್ಲಿ ಮಂಡಾಳು, ನಾಲ್ಕು ಉಳ್ಳಾಗಡ್ಡಿ, ಒಂದಿಷ್ಟು ಹಸಿಮೆಣಸಿನಕಾಯಿ ಹಿಡಿದು ಬಂದ. ಕೈಕಾಲು ತೊಳೆದು ಅಂಚಿನಲ್ಲಿ ಕುಳಿತ. ಬರಿಗೈಯಲ್ಲಿ ಕೂಡಲು ಮನಸ್ಸಾಗಿರಲಿಲ್ಲ ಎಂದು ಆಗ ತಿಳಿಯಿತು.

ಬಾಂಗಾಯಿತು. ಖರ್ಜೂರ, ನೀರು, ಒಂದೆರಡು ತುತ್ತು. ಅವರು ನಮಾಜಿಗೆ ಎದ್ದರು. ನಾವು ಕೆಲವರು ಉಳಿದೆವು. ಅವನು ಉಳ್ಳಾಗಡ್ಡಿ, ಮೆಣಸಿನಕಾಯಿಯನ್ನು ಸಣ್ಣಗೆ ಹೆಚ್ಚಿ, ಕಡಲೆ ಹಾಕಿ, ಮಂಡಾಳಿನಲ್ಲಿ ಕಲೆಸುತ್ತ ಕುಳಿತಿದ್ದ. ಇದನ್ನು ಅವನು ಮುರಿ ಎನ್ನುತ್ತಿದ್ದ. ನಮ್ಮ ಕಡೆ ಒಗ್ಗರಣಿ, ಮಿರ್ಚಿ ಇಲ್ಲದೆ ರೋಜಾ ಇಲ್ಲ. ಅವನ ಕಡೆ ಮುರಿ, ಕಡಲೆ, ಉಳ್ಳಾಗಡ್ಡಿಯ ಬಜಿ ಇಲ್ಲದೆ ರೋಜಾ ಇರಲಿಲ್ಲವಂತೆ. ನೆರೆಮನೆಯಿಂದ ದಿನಾಲು ಸಂಜೆ ಒಂದು ಬಟ್ಟಲು ಇವರ ಮನೆಗೆ ಬರುತ್ತಿತ್ತು ಎಂದು ಹರಕು ಕನ್ನಡದಲ್ಲಿ ಹೇಳಿದ. ಓಡಿಬರುವ ವರ್ಷವೂ ಬಂದಿತ್ತೇ ಎಂದು ನಾನು ಕೇಳಬಾರದಿತ್ತು, ಕೇಳಿದೆ. ಅವನು ಕಲೆಸುವುದನ್ನು ನಿಲ್ಲಿಸಲಿಲ್ಲ. ಬಟ್ಟಲು ಕೊಟ್ಟವರು ಬೇರೆ, ಬೆಂಕಿ ಹಚ್ಚಿದವರು ಬೇರೆ ಎಂದ. ಬಟ್ಟಲು ಕೊಟ್ಟವರೇ ರಾತ್ರಿ ದೋಣಿಯನ್ನೂ ಕೊಟ್ಟರೆಂದ. ಅಷ್ಟಕ್ಕೆ ಆ ಮಾತು ಮುಗಿಯಿತು.

ನಮಾಜು ಮುಗಿಸಿ ಬಂದವರಿಗೆ ಅವನೇ ಹಿಡಿಹಿಡಿಯಾಗಿ ಹಂಚಿದ. ಹಿರಿಯರು ತಿಂದು, ಖಾರ ಆತೋ ಮಾರಾಯಾ ಎಂದು ನೀರು ಕುಡಿದರು. ಅವನಿಗೆ ಮಾತ್ರ ಸಮಾಧಾನವಿರಲಿಲ್ಲ. ಇದಕ್ಕೆ ಸಾಸಿವೆಯೆಣ್ಣೆ ಬೇಕು, ಅದಿಲ್ಲದೆ ಇದು ಮುರಿಯೇ ಅಲ್ಲ ಎಂದ. ಸಾಸಿವೆಯೆಣ್ಣೆಯನ್ನು ನಮ್ಮಲ್ಲಿ ಯಾರು ತಿನ್ನುತ್ತಾರೆ? ಯಾರದೋ ಮನೆಯಿಂದ ಹುಡುಗ ಕುಸುಬೆ ಎಣ್ಣೆ ತಂದುಕೊಟ್ಟ. ಎರಡು ಹನಿ ಹಾಕಿ, ಮೂಸಿ, ತಲೆ ಅಲ್ಲಾಡಿಸಿ ಉಳಿದದ್ದನ್ನು ತಿಂದ. ಕೊನೆಯ ಬಸ್ಸು ಹೋಗಿತ್ತು. ಸಿಂಧನೂರಿಗೆ ಹೊರಟಿದ್ದ ಭತ್ತದ ಲಾರಿಯೊಂದರಲ್ಲಿ ಹತ್ತಿಸಿ ಕಳಿಸಿದರು.

ಮರುವರ್ಷ ರಂಜಾನ್ ಡಿಸೆಂಬರಿನಲ್ಲೇ ಹಿಡಿದಿತ್ತು. ಸಂಕ್ರಾಂತಿ ಬರುವ ಹೊತ್ತಿಗೆ ಮುಗಿಯಲು ನಾಲ್ಕೈದು ರೋಜಾ ಉಳಿದಿದ್ದವು. ಅವನು ಬುಟ್ಟಿಯಲ್ಲಿ ಮೀನಿನ ಪಕ್ಕದಲ್ಲೇ, ಬಟ್ಟೆ ಸುತ್ತಿದ ಒಂದು ಸಣ್ಣ ಶೀಸೆ ಇಟ್ಟುಕೊಂಡು ಬಂದಿದ್ದ. ಅದರ ಬಿರಡೆ ತೆಗೆದಾಗ ಸುತ್ತ ಕುಳಿತ ಹುಡುಗರೆಲ್ಲ ಮೂಗು ಹಿಡಿದುಕೊಂಡರು.