ಕರ್ನಾಟಕದ ವಾಣಿಜ್ಯ ಮಂಡಳಿಗಳು ಮತ್ತು ಶಾಸನ ರಾಜಕಾರಣ

ಕರ್ನಾಟಕದ ವರ್ತಕರೂ ಕೈಗಾರಿಕೋದ್ಯಮಿಗಳೂ ಸಂಘ ಕಟ್ಟಿಕೊಂಡು ಕಾನೂನು, ತೆರಿಗೆ, ಸುಂಕಗಳ ವಿಷಯದಲ್ಲಿ ಸರ್ಕಾರದ ಮುಂದೆ ಅಹವಾಲು ಇಡುತ್ತ ಬಂದ ಚರಿತ್ರೆ ಮೈಸೂರು ಸಂಸ್ಥಾನದ ಕಾಲಕ್ಕೆ ಹೋಗುತ್ತದೆ. ಈ ಕ್ಷೇತ್ರದ ಹಿರಿಯ ಸಂಸ್ಥೆ ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿರುವ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ (ಎಫ್‌ಕೆಸಿಸಿಐ). 1928ರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿದ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಮತ್ತು 1949ರಲ್ಲಿ ಸಣ್ಣ ಕೈಗಾರಿಕೆಗಳಿಗಾಗಿ ಆರಂಭವಾದ ಕಾಸಿಯಾ ಇನ್ನೆರಡು ಪ್ರಮುಖ ಸಂಸ್ಥೆಗಳು. ಬೆಂಗಳೂರಿನಲ್ಲಿ ಆದ ತೀರ್ಮಾನದ ಬಿಸಿ ತಟ್ಟುವುದು ತಾಲ್ಲೂಕು ಕೇಂದ್ರದ ಮಂಡಿಗೆ ಮತ್ತು ಮಗ್ಗದ ಮನೆಗೆ. ಆದ್ದರಿಂದ ಇಲ್ಲಿ ಈ ಚರಿತ್ರೆಯನ್ನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಜೊತೆಗಿಟ್ಟು ನೋಡಲಾಗಿದೆ.

ಸಂಸ್ಥಾನದ ಕಾಲ

ದಿವಾನ್ ಸಿ. ರಂಗಾಚಾರ್ಲು ಅವರು 1881ರ ಅಕ್ಟೋಬರ್ 7ರಂದು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಸೇರಿಸಿದಾಗ ಅದರಲ್ಲಿ 144 ಪ್ರತಿನಿಧಿಗಳಿದ್ದರು. ತಾಲ್ಲೂಕಿಗೆ ಒಬ್ಬರೋ ಇಬ್ಬರೋ ಭೂಮಾಲೀಕ ರೈತರು, ಇಡೀ ಜಿಲ್ಲೆಗೆ ಮೂರು ನಾಲ್ಕು ಮಂದಿ ಪ್ರಮುಖ ವರ್ತಕರು ಎಂಬ ಲೆಕ್ಕದಲ್ಲಿ ಅವರನ್ನು ಆರಿಸಲಾಗಿತ್ತು. ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಆಡಳಿತದ ವರದಿ ಕೇಳುವುದು, ಊರಿನ ಕಷ್ಟ ಹೇಳಿಕೊಳ್ಳುವುದು ಅದರ ಕೆಲಸವಾಗಿತ್ತು. ಹಾಗಿದ್ದರೂ ವರ್ತಕನನ್ನು ವರ್ತಕನೆಂದೇ ಕರೆದು ಕೂರಿಸಿದ್ದನ್ನು ಮರೆಯಬಾರದು. ಸಂಘಗಳು ಹುಟ್ಟುವುದಕ್ಕೆ ಮೊದಲೇ ವ್ಯಾಪಾರಕ್ಕೆ ಸಭೆಯಲ್ಲಿ ಜಾಗ ಸಿಕ್ಕಿತ್ತು.

ಸಂಘ ಬಂದದ್ದು ಸರ್. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. 1911ರಲ್ಲಿ ಸಂಪದಭ್ಯುದಯ ಸಮಾಜ, 1913ರಲ್ಲಿ ಮೈಸೂರು ಬ್ಯಾಂಕು ಕಾಣಿಸಿಕೊಂಡ ಆ ಹುರುಪಿನ ವರ್ಷಗಳಲ್ಲೇ, 1916ರಲ್ಲಿ, ಮೈಸೂರು ವಾಣಿಜ್ಯ ಮಂಡಳಿ ಸ್ಥಾಪನೆಯಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಹುಟ್ಟೂ ಅದೇ ವರ್ಷದ್ದು. ಇಂದಿನ ಎಫ್‌ಕೆಸಿಸಿಐ ಬೆಳೆದದ್ದು ಈ ಮಂಡಳಿಯಿಂದ. ಸರ್ಕಾರಕ್ಕೆ ಎದುರು ನಿಲ್ಲಲು ಹುಟ್ಟಿದ ಸಂಸ್ಥೆ ಇದಲ್ಲ. ಸರ್ಕಾರವೇ ತನಗೆ ಸಲಹೆ ಬೇಕೆಂದು ಬೆನ್ನು ತಟ್ಟಿ ನಿಲ್ಲಿಸಿದ ಸಂಸ್ಥೆ. ಬೀದಿಗಿಳಿಯುವುದಕ್ಕಿಂತ ಮನವಿ ಪತ್ರ ಬರೆಯುವುದರಲ್ಲಿ ಅದಕ್ಕೆ ಇಂದಿಗೂ ಹೆಚ್ಚು ನಂಬಿಕೆ ಇರುವುದಕ್ಕೆ ಇದೇ ಕಾರಣವಿರಬೇಕು. 1923ರ ಸುಧಾರಣೆಗಳಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧ ಸ್ಥಾನ ದೊರೆತಾಗ ವಾಣಿಜ್ಯ, ಕೈಗಾರಿಕೆಗಳಂಥ ವಿಶೇಷ ಹಿತಗಳಿಗೂ ಪ್ರಾತಿನಿಧ್ಯ ಸಿಕ್ಕಿತು.

ಸಂವಿಧಾನದ ನಂತರ

ಸಂವಿಧಾನ ಜಾರಿಗೆ ಬಂದ ಮೇಲೆ ವಿಶೇಷ ಹಿತಗಳಿಗೆ ಪ್ರಾತಿನಿಧ್ಯ ಕೊಡುವ ಈ ವ್ಯವಸ್ಥೆ ಮುಗಿಯಿತು. ಹಮಾಲಿಗೂ ಒಂದೇ ಮತ, ಮಂಡಿ ಮಾಲೀಕನಿಗೂ ಒಂದೇ ಮತ. ಆಗಬೇಕಾದದ್ದೇ ಆಯಿತು. ವಿಧಾನ ಪರಿಷತ್ತಿನಲ್ಲಿ 171ನೇ ವಿಧಿಯ ಪ್ರಕಾರ ಪದವೀಧರರಿಗೆ, ಶಿಕ್ಷಕರಿಗೆ, ಸ್ಥಳೀಯ ಸಂಸ್ಥೆಗಳಿಗೆ ಕ್ಷೇತ್ರಗಳಿವೆ, ವ್ಯಾಪಾರಕ್ಕಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ವಿಧಾನಸಭಾ ಕ್ಷೇತ್ರಗಳೆರಡೂ ಈಗ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ. ಆ ವರ್ಗಕ್ಕೆ ಸೇರದ ವರ್ತಕರು ಸ್ವಂತ ಊರಿನಲ್ಲಿ ಅಭ್ಯರ್ಥಿಗಳಾಗಲಾರರು. ವರ್ತಕ ವರ್ತಕನಾಗಿಯೇ ಮತ ಹಾಕಿ ತನ್ನವನನ್ನು ಆರಿಸುವ ಜಾಗ ಇಂದು ಉಳಿದಿರುವುದು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯಲ್ಲಿ (ಎಪಿಎಂಸಿ). ಅಲ್ಲಿಯೂ ಬಹುಪಾಲು ಸ್ಥಾನಗಳು ರೈತರವು, ವರ್ತಕರಿಗೆ ಒಂದು.

ಹೀಗಾಗಿ ಸದನದ ಹೊರಗಿನಿಂದ ಮಾತಾಡುವ ಕಲೆಯನ್ನು ಸಂಘಗಳು ಬೆಳೆಸಿಕೊಂಡವು. ಬಜೆಟ್ಟಿಗೆ ಮುಂಚೆ ಮುಖ್ಯಮಂತ್ರಿಗೆ ಬೇಡಿಕೆ ಪಟ್ಟಿ ಸಲ್ಲಿಸುವುದು, ಸಚಿವರ ಬಳಿಗೆ ನಿಯೋಗ ಒಯ್ಯುವುದು, ವಿದ್ಯುತ್ ದರ ಏರಿಕೆಯ ಅರ್ಜಿ ಬಂದಾಗ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ವಿಚಾರಣೆಯಲ್ಲಿ ಅಂಕಿ ಅಂಶ ಹಿಡಿದು ವಾದಿಸುವುದು ವಾಡಿಕೆಯಾಯಿತು. ವರ್ತಕರ ದೀರ್ಘಕಾಲದ ದೂರುಗಳಲ್ಲೊಂದಾಗಿದ್ದ ಆಕ್ಟ್ರಾಯ್ 1979ರಲ್ಲಿ ರದ್ದಾಯಿತು. ಊರಬಾಗಿಲ ನಾಕಾದಲ್ಲಿ ಲಾರಿ ನಿಲ್ಲಿಸಿ ಮೂಟೆ ಎಣಿಸುವುದು ತಪ್ಪಿತು. ಆದರೆ ಅದರ ಜಾಗಕ್ಕೆ ಪ್ರವೇಶ ತೆರಿಗೆ ಬಂತು. ಅದು ಹೋಗಿದ್ದು 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ.

ಚಳ್ಳಕೆರೆಯ ಶೇಂಗಾ

ಚಳ್ಳಕೆರೆಗೆ ಎಣ್ಣೆ ನಗರಿ ಎಂಬ ಹೆಸರು ಬಂದದ್ದು ಶೇಂಗಾದಿಂದ. ಮಳೆ ಕಡಿಮೆ ಬೀಳುವ ಈ ಸೀಮೆಯ ಕೆಂಪು ನೆಲಕ್ಕೆ ಒಗ್ಗಿದ ಬೆಳೆ ಅದು; ಅದರ ಬೆನ್ನಿಗೇ ಎಣ್ಣೆ ಗಿರಣಿಗಳು, ಹಿಂಡಿ ವ್ಯಾಪಾರ, ಲಾರಿ ಸಾಗಣೆ ಬೆಳೆದವು. ಸುಗ್ಗಿಯಲ್ಲಿ ಮಾರುಕಟ್ಟೆ ಪ್ರಾಂಗಣಕ್ಕೆ ಬಂದ ಕಾಯಿ ದಲ್ಲಾಳಿ ಅಂಗಡಿಯ ಮುಂದೆ ರಾಶಿಯಾಗಿ ಬೀಳುತ್ತದೆ. ಖರೀದಿದಾರ ರಾಶಿಯ ಒಳಗಿಂದ ಒಂದು ಹಿಡಿ ತೆಗೆದು ಕಾಯಿ ಒಡೆಯುತ್ತಾನೆ, ಬೀಜ ತುಂಬಿದೆಯೋ ಸುರುಟಿದೆಯೋ ನೋಡುತ್ತಾನೆ, ಹಲ್ಲಿನಲ್ಲಿ ಕಚ್ಚಿ ತೇವ ಅಳೆಯುತ್ತಾನೆ, ಆಮೇಲೆ ದರ ನಮೂದಿಸುತ್ತಾನೆ. ತೂಕವಾದ ಮೇಲೆ ಬಿಲ್ಲಿನಲ್ಲಿ ಮಾರುಕಟ್ಟೆ ಶುಲ್ಕ ಸೇರುತ್ತದೆ. ಅದನ್ನು ಕಟ್ಟಬೇಕಾದವನು ಖರೀದಿದಾರ. ಆದರೆ ದರ ನಮೂದಿಸುವಾಗ ಆ ಶುಲ್ಕವೂ ಅವನ ಲೆಕ್ಕದಲ್ಲಿರುತ್ತದೆ; ರೈತನಿಗೆ ಅದರ ಗೊಡವೆ ಇಲ್ಲ ಎನ್ನಲಾಗದು.

ಈ ಶುಲ್ಕದ ಸುತ್ತ 2020ರಲ್ಲಿ ನಡೆದದ್ದು ವರ್ತಕ ಸಂಘಗಳ ಶಾಸನ ರಾಜಕಾರಣಕ್ಕೆ ಒಳ್ಳೆಯ ಉದಾಹರಣೆ. 1966ರ ಎಪಿಎಂಸಿ ಕಾಯ್ದೆಗೆ ಆ ವರ್ಷ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದ ಸರ್ಕಾರ, ಸಮಿತಿಯ ಅಧಿಕಾರವನ್ನು ಪ್ರಾಂಗಣದ ಒಳಗೆ ಮಾತ್ರ ಉಳಿಸಿತು. ಗೇಟಿನ ಹೊರಗೆ ಕೊಂಡವನಿಗೆ ಶುಲ್ಕವಿಲ್ಲ, ಒಳಗೆ ಅಂಗಡಿ ಇಟ್ಟವನಿಗೆ ಉಂಟು ಎಂದಾಯಿತು. ಒಳಗಿನವರೂ ಬದುಕಬೇಕಾದರೆ ಶುಲ್ಕ ಇಳಿಸಿ ಎಂದು ವರ್ತಕರು ಪಟ್ಟು ಹಿಡಿದರು. ಶೇ 1.5 ಇದ್ದದ್ದು ಶೇ 1ಕ್ಕೆ, ಮುಂದೆ ಶೇ 0.35ಕ್ಕೆ ಇಳಿಯಿತು, ಮತ್ತೆ ಶೇ 1ಕ್ಕೆ ಏರಿದಾಗ ಪ್ರತಿಭಟನೆಗಳಾಗಿ ಶೇ 0.60ಕ್ಕೆ ಬಂತು. 2023ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರ ತಿದ್ದುಪಡಿಯನ್ನು ಹಿಂದೆಗೆದುಕೊಳ್ಳುವ ಮಸೂದೆ ತಂದಾಗ ವಿಧಾನಸಭೆ ಒಪ್ಪಿತು, ವಿಧಾನ ಪರಿಷತ್ತು ಅದನ್ನು ಪರಿಶೀಲನಾ ಸಮಿತಿಗೆ ಒಪ್ಪಿಸಿತು.

ಗಿರಣಿಗಳಿಗೆ ಬಿದ್ದ ದೊಡ್ಡ ಪೆಟ್ಟು ಮಾತ್ರ ರಾಜ್ಯದ ಕೈಯಲ್ಲಿರಲಿಲ್ಲ. 1994ರಲ್ಲಿ ಪಾಮೋಲಿನ್ ಆಮದು ಮುಕ್ತವಾಯಿತು. ಅಗ್ಗದ ತಾಳೆ ಎಣ್ಣೆಯ ಎದುರು ಶೇಂಗಾ ಎಣ್ಣೆ ದುಬಾರಿಯಾಯಿತು. ಗಾಣ, ಗಿರಣಿಯ ಶೇಂಗಾ ಎಣ್ಣೆಗೆ ಸಣ್ಣ ಕೈಗಾರಿಕೆಯ ಪಟ್ಟಿಯಲ್ಲಿದ್ದ ಮೀಸಲಾತಿ 2015ರ ಏಪ್ರಿಲ್‌ನಲ್ಲಿ ಹೋಯಿತು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರವು ಕಚ್ಚಾ ಖಾದ್ಯ ತೈಲದ ಮೇಲೆ ಶೇ 20ರ ಮೂಲ ಸುಂಕ ಹೇರಿ, 2025ರ ಮೇ ಕೊನೆಯಲ್ಲಿ ಅದನ್ನು ಶೇ 10ಕ್ಕೆ ಇಳಿಸಿತು. ಹೀಗೆ ವರ್ಷದೊಳಗೇ ಸುಂಕ ಹಿಂದುಮುಂದಾದರೆ ಬಿತ್ತನೆಯ ಹೊತ್ತಿಗೆ ಬೆಳೆ ಆರಿಸುವ ರೈತನೂ ದಾಸ್ತಾನು ಮಾಡುವ ಗಿರಣಿಯವನೂ ಯಾವುದನ್ನು ನಂಬಬೇಕು? ರಾಜ್ಯದ ಸಂಘಗಳು ಗಟ್ಟಿ ದನಿಯಲ್ಲಿ ದೆಹಲಿಗೆ ಮುಟ್ಟಿಸಬೇಕಾದ ಪ್ರಶ್ನೆ ಇದು.

ಮೊಳಕಾಲ್ಮೂರಿನ ಮಗ್ಗ

ಭೌಗೋಳಿಕ ಗುರುತು ಪಡೆದ ಮೊಳಕಾಲ್ಮೂರು ರೇಷ್ಮೆ ಸೀರೆಯ ನೇಕಾರರು ವಾಣಿಜ್ಯ ಮಂಡಳಿಯ ನೆರಳಿಗೆ ಬಂದವರಲ್ಲ. ಅವರ ಸಂಘಟನೆ ನಡೆದದ್ದು ಹೆಚ್ಚಾಗಿ ಸಹಕಾರ ಸಂಘಗಳ ಮೂಲಕ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕೇಂದ್ರ ಕಾಯ್ದೆ ಅವರ ಬೆನ್ನಿಗಿದೆ. ಆದರೆ ವಿದ್ಯುತ್ ಮಗ್ಗದ ನಕಲು ಸೀರೆ ಅಂಗಡಿಯಲ್ಲಿ ಮಾರಾಟವಾಗುವಾಗ ಕೊಳ್ಳುವವರಿಗೆ ವ್ಯತ್ಯಾಸ ತಿಳಿಯದು. ಸೀರೆ ಮಾರುವ ವರ್ತಕರೂ ನೇಯುವವರೂ ಒಂದೇ ಮನವಿಗೆ ಸಹಿ ಹಾಕಿದ ದಿನ ಆ ಕಾಯ್ದೆಗೆ ಬಲ ಬಂದೀತು.

ಒಡಕು ಮತ್ತು ಒಗ್ಗಟ್ಟು

ಸಂಘಗಳೆಲ್ಲ ಒಂದೇ ದನಿಯಲ್ಲಿ ಮಾತಾಡುತ್ತವೆ ಎಂದುಕೊಳ್ಳಬೇಕಿಲ್ಲ. ವಿದ್ಯುತ್ ದರ ಏರಿಕೆಯನ್ನು ವಿರೋಧಿಸಿ 2023ರ ಜೂನ್ 22ರಂದು ಹುಬ್ಬಳ್ಳಿಯ ಸಂಸ್ಥೆ ಬಂದ್‌ಗೆ ಕರೆ ಕೊಟ್ಟಾಗ ಎಫ್‌ಕೆಸಿಸಿಐ ಅದರಿಂದ ದೂರ ಉಳಿಯಿತು. 2024ರ ಜುಲೈನಲ್ಲಿ ಖಾಸಗಿ ಸಂಸ್ಥೆಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು; ಉದ್ಯಮ ವಲಯದ ವಿರೋಧ ಎದ್ದ ಎರಡೇ ದಿನದಲ್ಲಿ ಅದನ್ನು ತಡೆಹಿಡಿಯಲಾಯಿತು. ಇಷ್ಟು ಬೇಗ ಫಲ ಕೊಟ್ಟ ಒತ್ತಡ ಮುಖ್ಯವಾಗಿ ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಕಂಪನಿಗಳದ್ದು. ತಾಲ್ಲೂಕಿನ ಗಿರಣಿಗಳ ಮಾತಿಗೆ ಇಂಥ ವೇಗದ ಉತ್ತರ ಸಿಕ್ಕಿದ್ದು ಅಪರೂಪ.

ಸದಸ್ಯರ ಬಳಿಗೆ

ಜಿಲ್ಲಾ ವಾಣಿಜ್ಯ ಸಂಸ್ಥೆಗಳ ಸಂಯೋಜನೆ, ತೆರಿಗೆ ತರಬೇತಿ, ರಫ್ತುದಾರರಿಗೆ ಸರಕಿನ ಮೂಲದ ಪ್ರಮಾಣಪತ್ರ ನೀಡಿಕೆ ಎಫ್‌ಕೆಸಿಸಿಐನ ನಿತ್ಯದ ಕೆಲಸಗಳು. ಸದಸ್ಯರಲ್ಲದವರಿಗೂ ಇಂಥ ನೆರವು ಎಷ್ಟು ಬೇಕೆಂಬುದು 2025ರ ಜುಲೈನಲ್ಲಿ ಗೊತ್ತಾಯಿತು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಬೇಕೆಂಬ ಮಾತನ್ನು ಎಷ್ಟೋ ಮಂದಿ ಕೇಳಿಯೇ ಇರಲಿಲ್ಲ. ಅಂಗಡಿಗಳ ಮುಂದೆ ಕ್ಯೂಆರ್ ಕೋಡ್ ಮಾಯವಾಗಿ ನಗದು ಮಾತ್ರ ಎಂಬ ಚೀಟಿ ಬಂತು. ಮುಖ್ಯಮಂತ್ರಿ ವರ್ತಕರ ಸಭೆ ಕರೆದು ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ ಎಂದ ಮೇಲೆ ವ್ಯಾಪಾರಿಗಳು ಹೂಡಲಿದ್ದ ಮುಷ್ಕರದ ಕಾವು ತಣ್ಣಗಾಯಿತು.

ಎಫ್‌ಕೆಸಿಸಿಐ ತನ್ನ ಬಜೆಟ್ ಪೂರ್ವ ಸಭೆಗಳಲ್ಲಿ ಒಂದನ್ನಾದರೂ ಚಳ್ಳಕೆರೆಯಂಥ ಮಾರುಕಟ್ಟೆ ಪ್ರಾಂಗಣದಲ್ಲಿ ನಡೆಸಬೇಕು, ಹೊಸ ಕಾನೂನು ಬಂದ ವಾರದೊಳಗೆ ಅದರ ಸಾರಾಂಶ ಸರಳ ಕನ್ನಡದಲ್ಲಿ ಪ್ರತಿ ತಾಲ್ಲೂಕಿನ ವರ್ತಕರಿಗೆ ಸಿಗಬೇಕು. ನೂರು ವರ್ಷ ದಾಟಿದ ಸಂಸ್ಥೆಗೆ ಇದು ದೊಡ್ಡ ಖರ್ಚಿನ ಕೆಲಸವಲ್ಲ.